ಜೀಪಿನ ಮುಂದಿನ ಆಕ್ಸಲ್ ಕ್ರಾಸ್ ಮುರಿದರೆ

ಮಳೆ ಬಿದ್ದ ಮರುದಿನ ಗೊಬ್ಬೂರ ಸೀಮೆಯ ಎರಿ ಹೊಲಕ್ಕೆ ಜೀಪು ಇಳಿಸಿದರೆ ರಾಡಿ ಗಾಲಿಗೆ ಮೆತ್ತಿಕೊಂಡು ಗಾಡಿ ಅಲ್ಲೇ ಕೂತುಬಿಡುತ್ತದೆ. ಆಗ ಸ್ಟೇರಿಂಗ್ ಪೂರ್ತಿ ತಿರುವಿ, ಫೋರ್ ವ್ಹೀಲ್ ಹಾಕಿ ಜೋರಾಗಿ ರೇಸ್ ಕೊಟ್ಟರೆ ಮುಂದಿನ ಗಾಲಿಯ ಒಳಗಿಂದ 'ಫಟ್' ಎಂಬ ಸದ್ದು ಬರಬಹುದು. ಮುರಿದದ್ದು ಬಹುತೇಕ ಕ್ರಾಸ್. ಮುಂದಿನ ಆಕ್ಸಲ್ ರಾಡು ಎರಡು ತುಂಡು; ಗಾಲಿ ಎಡಬಲ ತಿರುಗಲೆಂದು ನಡುವೆ ಈ ಕ್ರಾಸ್ ಇದೆ. ಗಾಲಿ ಹೆಚ್ಚು ತಿರುಗಿದಷ್ಟೂ ಅದರ ಮೇಲೆ ಎಳೆತ ಹೆಚ್ಚು.

ಇಲ್ಲಿ ಹೇಳುವುದು ವಿಲ್ಲೀಸ್ ಮಾದರಿಯ ಹಳೆಯ ಮಹೀಂದ್ರಾ ಜೀಪಿನ ಕೆಲಸ. 2010ರ ನಂತರ ಬಂದ ಥಾರ್‌ನ ಮುಂಭಾಗದಲ್ಲಿ ರಬ್ಬರ್ ಬೂಟಿನೊಳಗೆ ಸಿ.ವಿ. ಜಾಯಿಂಟ್ ಇರುತ್ತದೆ, ಅದರ ರೀತಿಯೇ ಬೇರೆ.

ಹಂತ 1: ಹೊಲದಲ್ಲಿ ಮಾಡಬೇಕಾದದ್ದು

ಟು ವ್ಹೀಲ್‌ಗೆ ಬನ್ನಿ. ಹಬ್ ಲಾಕ್ ಇದ್ದರೆ ಎರಡೂ ಕಡೆ ಫ್ರೀ ಮಾಡಿ. ಸ್ಟೇರಿಂಗನ್ನು ಎರಡೂ ಬದಿಗೆ ಮೆಲ್ಲಗೆ ತಿರುಗಿಸಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡಂತಾದರೆ ಗಾಡಿ ಓಡಿಸಲೇಬೇಡಿ. ಮುರಿದ ಚೂರು ಒಳಗೆ ಅಡ್ಡ ಬಿದ್ದರೆ ಓಡುವ ಗಾಡಿಯ ಸ್ಟೇರಿಂಗ್ ಹಿಡಿದುಬಿಡುತ್ತದೆ. ಅಫಜಲಪುರ ರಸ್ತೆಯ ಕಬ್ಬಿನ ಲಾರಿಗಳ ನಡುವೆ ಅದು ಜೀವಕ್ಕೇ ಅಪಾಯ. ಟ್ರ್ಯಾಕ್ಟರ್‌ನಿಂದ ಮೆಲ್ಲಗೆ ಎಳೆಸಿ ತನ್ನಿ, ಇಲ್ಲವೇ ಅಲ್ಲೇ ಬಿಚ್ಚಿ.

ಹಂತ 2: ಎತ್ತಿ ನಿಲ್ಲಿಸುವುದು

ಗಟ್ಟಿ, ಸಮ ನೆಲ ಬೇಕು. ಎರಿ ನೆಲದಲ್ಲಿ ಜ್ಯಾಕ್ ಹೂತುಹೋಗುತ್ತದೆ, ಕೆಳಗೆ ದಪ್ಪ ಹಲಗೆ ಹಾಕಿ. ಹಿಂದಿನ ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಗಾಲಿಯ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಆಮೇಲೆ ಎತ್ತಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಇಟ್ಟಿಗೆ ಬೇಡ, ಅದು ಒಮ್ಮೆಲೇ ಪುಡಿಯಾಗುತ್ತದೆ.

ಹಂತ 3: ಬಿಚ್ಚುವುದು

ಗಾಲಿ ತೆಗೆದ ಮೇಲೆ ಹಬ್ಬಿನ ಮುಚ್ಚಳ, ನಂತರ ರಾಡಿನ ತುದಿಯ ನಟ್ಟು ಅಥವಾ ಸರ್ಕ್ಲಿಪ್, ಆಮೇಲೆ ಫ್ಲೇಂಜ್. ಒಳಗೆ ಎರಡು ದೊಡ್ಡ ನಟ್ಟು, ನಡುವೆ ಮಡಚಿದ ಲಾಕ್ ವಾಶರ್. ವಾಶರ್ ನೆಟ್ಟಗೆ ಮಾಡಿ ನಟ್ಟು ಬಿಚ್ಚಿದರೆ ಹೊರ ಬೇರಿಂಗ್ ಸಮೇತ ಡ್ರಮ್ ಕೈಗೆ ಬರುತ್ತದೆ. ಬ್ರೇಕ್ ಪ್ಲೇಟನ್ನೂ ಸ್ಪಿಂಡಲನ್ನೂ ಹಿಡಿದಿರುವ ಬೋಲ್ಟು ತೆಗೆಯಿರಿ. ಪ್ಲೇಟನ್ನು ತಂತಿಯಿಂದ ಮೇಲೆ ಕಟ್ಟಿ. ಬ್ರೇಕ್ ಪೈಪಿಗೆ ಅದರ ಭಾರ ಬೀಳಬಾರದು. ಸ್ಪಿಂಡಲ್ ಕಚ್ಚಿಕೊಂಡಿದ್ದರೆ ಕಟ್ಟಿಗೆಯ ಕೊಡತಿಯಿಂದ ಸುತ್ತಲೂ ತಟ್ಟಿ ಬಿಡಿಸಿ. ನಂತರ ರಾಡು ನೇರವಾಗಿ ಹೊರಗೆಳೆಯಿರಿ.

ಹಂತ 4: ಚೂರು ಹುಡುಕುವುದು

ಈ ಕೆಲಸದಲ್ಲಿ ಅವಸರ ಸಲ್ಲದು. ಕ್ರಾಸಿಗೆ ನಾಲ್ಕು ಕಪ್ಪು, ಪ್ರತಿ ಕಪ್ಪಿನೊಳಗೆ ಸೂಜಿಯಂಥ ಸಣ್ಣ ರೋಲರುಗಳು. ಸಿಕ್ಕ ತುಂಡುಗಳನ್ನು ಬಟ್ಟೆಯ ಮೇಲೆ ಜೋಡಿಸಿ ಹಳೆಯ ಕ್ರಾಸಿನ ಪೂರ್ಣ ಆಕಾರ ಬರುತ್ತದೋ ನೋಡಿ. ಹಳೆ ಗ್ರೀಸನ್ನೆಲ್ಲ ಕೆರೆದು ತೆಗೆದು, ಮೂಲೆ ಮೂಲೆಗೂ ಅಯಸ್ಕಾಂತ ಆಡಿಸಿ, ಡೀಸೆಲ್‌ನಿಂದ ತೊಳೆಯಿರಿ. ಒಂದೇ ಒಂದು ಸೂಜಿ ಉಳಿದರೂ ಹೊಸ ಕ್ರಾಸಿಗೂ ಸೀಲಿಗೂ ಕೇಡು. ಒಳಗಿನ ಅರ್ಧ ರಾಡು ಡಿಫರೆನ್ಶಿಯಲ್‌ನಲ್ಲೇ ಉಳಿದಿದ್ದರೆ ಅದನ್ನೂ ಎಳೆದು ತೆಗೆಯಿರಿ. ಹಲ್ಲು ಸವೆದಿದೆಯೋ, ರಾಡು ತಿರುಚಿದೆಯೋ ಪರೀಕ್ಷಿಸಿ.

ಹಂತ 5: ಹೊಸ ಕ್ರಾಸ್ ಕೂರಿಸುವುದು

ಮೊದಲು ರಾಡಿನ ಕಿವಿಗಳನ್ನು ನೋಡಿ. ಬಿರುಕು ಬಿಟ್ಟಿದ್ದರೆ, ತೂತು ಅಗಲವಾಗಿ ಹೊಸ ಕಪ್ಪು ಬೆರಳಿನಿಂದಲೇ ಒಳಗೆ ಹೋಗುತ್ತಿದ್ದರೆ ಆ ರಾಡು ಬದಲಿಸಲೇಬೇಕು. ಅದಕ್ಕೆ ವೆಲ್ಡಿಂಗ್ ಮಾಡಿಸುವವರಿದ್ದಾರೆ. ಅದು ದುಡ್ಡು ದಂಡ, ಮುಂದಿನ ರಾಡಿಯಲ್ಲಿ ಮತ್ತೆ ಮುರಿಯುತ್ತದೆ. ಕಲಬುರಗಿಗೆ ಸಾಮಾನು ತರಲು ಹೋಗುವಾಗ ಹಳೆಯ ಕಪ್ಪು, ಕ್ರಾಸ್ ಜೊತೆಗಿರಲಿ, ಅಳತೆ ಹೋಲಿಸಿ ತನ್ನಿ. ಸೀಲು, ಲಾಕ್ ವಾಶರ್ ಕೂಡ ಹೊಸವು ಬೇಕು.

ಕಪ್ಪಿನೊಳಗೆ ಗ್ರೀಸ್ ಸವರಿ ಸೂಜಿಗಳೆಲ್ಲ ನೆಟ್ಟಗೆ ನಿಂತಿವೆಯೇ ನೋಡಿ. ಬೆಂಚ್ ವೈಸಿನಲ್ಲಿ ಮೆಲ್ಲಗೆ ಒತ್ತಿ. ಸಲೀಸಾಗಿ ಹೋಗುತ್ತಿದ್ದದ್ದು ಒಮ್ಮೆಲೇ ಬಿಗಿಯಾದರೆ ಒಂದು ಸೂಜಿ ಅಡ್ಡ ಬಿದ್ದಿದೆ. ಬಲ ಹಾಕದೆ ಹೊರತೆಗೆದು ಮತ್ತೆ ಜೋಡಿಸಿ. ನಾಲ್ಕೂ ಸರ್ಕ್ಲಿಪ್ ತಮ್ಮ ಕಚ್ಚಿನಲ್ಲಿ ಪೂರ್ತಿ ಕೂತ ಮೇಲೆ ಜಾಯಿಂಟ್ ಎರಡೂ ದಿಕ್ಕಿಗೆ ಕೈಯಿಂದಲೇ ಆಡಬೇಕು. ಬಿಗಿ ಇದ್ದರೆ ಕಿವಿಯ ಮೇಲೆ ಹಗುರಾಗಿ ತಟ್ಟಿ.

ಹಂತ 6: ಮರಳಿ ಜೋಡಿಸುವುದು

ರಾಡಿನ ಹಲ್ಲು ಸೀಲಿಗೆ ತರಚದಂತೆ ಅಂಗೈ ಮೇಲೆ ತೂಕ ಹಿಡಿದು ಒಳಗೆ ಬಿಡಿ, ತುಸು ತಿರುಗಿಸಿದರೆ ಡಿಫರೆನ್ಶಿಯಲ್ ಹಲ್ಲಿಗೆ ಕೂಡುತ್ತದೆ. ಸ್ಪಿಂಡಲ್ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಡ್ರಮ್ ಹಾಕಿ, ತಿರುಗಿಸುತ್ತಲೇ ಒಳನಟ್ಟು ಬಿಗಿಯುತ್ತ ಹೋಗಿ. ಡ್ರಮ್ ಹಿಡಿದಂತಾದಾಗ ನಟ್ಟನ್ನು ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಡ್ರಮ್ ಸಲೀಸಾಗಿ ತಿರುಗಬೇಕು, ಅಲುಗಾಡಬಾರದು. ಲಾಕ್ ವಾಶರ್, ಹೊರನಟ್ಟು ಹಾಕಿ ವಾಶರ್ ಮಡಚಿ. ಡಿಫರೆನ್ಶಿಯಲ್‌ನಲ್ಲಿ 90 ನಂಬರಿನ ಗೇರ್ ಆಯಿಲ್ ಮಟ್ಟ ನೋಡಿ, ಗಾಲಿಯ ಹಿಂದೆ ಕ್ರಾಸ್ ಇರುವ ಗೂಡಿಗೂ ಗ್ರೀಸ್ ತುಂಬಿ.

ಹಂತ 7: ಓಡಿಸಿ ನೋಡುವುದು

ಗಾಲಿ ಎತ್ತಿರುವಾಗಲೇ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತ ಗಾಲಿಯನ್ನೂ ಕೈಯಿಂದ ಸುತ್ತಿಸಿ; ಕಟಕಟ ಸದ್ದಿರಬಾರದು. ಇಳಿಸಿದ ಮೇಲೆ ಗಾಲಿ ನಟ್ಟು, ಬ್ರೇಕು ನೋಡಿ ಟು ವ್ಹೀಲ್‌ನಲ್ಲೇ ಸ್ವಲ್ಪ ದೂರ ಹೋಗಿ ಬನ್ನಿ. ಹಬ್ ಕೈ ಸುಡುವಷ್ಟು ಬಿಸಿಯಾದರೆ ಬೇರಿಂಗ್ ಬಿಗಿ ಹೆಚ್ಚಾಗಿದೆ. ಫೋರ್ ವ್ಹೀಲ್ ಪರೀಕ್ಷೆ ಹೊಲದ ಸಡಿಲ ಮಣ್ಣಿನಲ್ಲೇ ಆಗಲಿ. ಡಾಂಬರಿನ ಮೇಲೆ ಈ ಗಾಡಿಯ ಮುಂದಿನ ಹಿಂದಿನ ಗಾಲಿಗಳು ತಿರುವಿನಲ್ಲಿ ಒಂದನ್ನೊಂದು ಎಳೆದಾಡುತ್ತವೆ, ಆ ಎಳೆತ ಹೊಸ ಕ್ರಾಸಿನ ಮೇಲೆಯೇ ಬೀಳುತ್ತದೆ. ರಾಡಿಯಲ್ಲಿ ಸಿಕ್ಕಾಗ ಗಾಲಿ ನೇರ ಮಾಡಿಕೊಂಡೇ ರೇಸ್ ಕೊಡಿ.