ನದಿಯಾನದ ಬುತ್ತಿ

ದೂರದ ಊರಿಗೆ ಹೊರಡುವವರು ಬುತ್ತಿ ಕಟ್ಟಿಕೊಳ್ಳುವುದು ನಮ್ಮ ನಾಡಿನ ಹಳೆಯ ವಾಡಿಕೆ. ಹಾದಿಯಲ್ಲಿ ನಡೆಯುವ ಪಯಣಿಗನಿಗೆ ಕಟ್ಟಿದ ಬುತ್ತಿ ಸಾಲದೆ ಹೋದರೂ ಅಷ್ಟು ಚಿಂತೆಯಿಲ್ಲ. ಮುಂದೆ ಊರುಂಟು, ಅಂಗಡಿಯುಂಟು. ಮರೆತುಬಂದ ವಸ್ತುವನ್ನು ಅಲ್ಲಿ ಕೊಳ್ಳಬಹುದು. ಆದರೆ ಹಗಲೆಲ್ಲ ದೋಣಿಗೆ ಹುಟ್ಟುಹಾಕುತ್ತ, ಇರುಳು ಮರಳದಂಡೆಯ ಮೇಲೆ ಬೀಡುಬಿಡುತ್ತ, ಹಲವು ದಿನ ನದಿಯ ಮೇಲೆ ಸಾಗುವವನ ಸ್ಥಿತಿ ಬೇರೆ. ಆತನಿಗೆ ಮನೆ, ಉಗ್ರಾಣ, ಔಷಧಾಲಯ ಎಲ್ಲವೂ ಆ ದೋಣಿಯೇ. ದೋಣಿಯನ್ನು ಹೊತ್ತು ನಡೆಸುವ ನೀರೇ ಅದರೊಳಗಿನ ಸಾಮಗ್ರಿಗೆ ವೈರಿಯೂ ಆಗಿರುತ್ತದೆ. ಆದುದರಿಂದ ಯಾವುದನ್ನು ಒಯ್ಯಬೇಕು, ಎಷ್ಟನ್ನು ಒಯ್ಯಬೇಕು, ಎಲ್ಲಿ ಇರಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಆತನು ದಡ ಬಿಡುವ ಮುನ್ನವೇ ಉತ್ತರ ಕಂಡುಕೊಳ್ಳಬೇಕು. ಆ ಉತ್ತರಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ನದಿಯೇ ಪರೀಕ್ಷಿಸಿ ತೋರಿಸಿದ ಒಂದು ಪ್ರಸಿದ್ಧ ಯಾನವು 1869ರಲ್ಲಿ ಅಮೆರಿಕದಲ್ಲಿ ನಡೆಯಿತು.

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ ಕೊಲರಾಡೋ ನದಿಯು ಆಳವಾದ ಕಮರಿಗಳನ್ನು ಕೊರೆದುಕೊಂಡು ಹರಿಯುತ್ತದೆ. ಅವುಗಳಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯು ಕೆಲವೆಡೆ ಒಂದು ಮೈಲಿಗಿಂತಲೂ ಆಳವಾಗಿದೆ. ಅಲ್ಲಿನ ಮೂಲನಿವಾಸಿಗಳು ಈ ಪ್ರದೇಶವನ್ನು ಶತಮಾನಗಳಿಂದ ಬಲ್ಲವರಾಗಿದ್ದರು. ಆದರೂ ನದಿಯ ಹರಿವನ್ನು ಆದ್ಯಂತವಾಗಿ ತೋರಿಸುವ ನಕ್ಷೆ ಆ ಕಾಲದಲ್ಲಿ ಇರಲಿಲ್ಲ. ಆ ಕೊರತೆಯನ್ನು ನೀಗಲು ಹೊರಟವನು ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನದ ಅಧ್ಯಾಪಕ. ಆಗ ಆತನಿಗೆ 35 ವರ್ಷ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಶೈಲೊ ಕದನದಲ್ಲಿ, ಆತನು ಬಲಗೈಯನ್ನು ಕಳೆದುಕೊಂಡಿದ್ದನು. ಒಂಟಿಗೈಯವನಾದರೂ ಆತನ ಉತ್ಸಾಹ ಕುಗ್ಗಿರಲಿಲ್ಲ.

1869ರ ಮೇ 24ರಂದು ಹತ್ತು ಮಂದಿಯ ತಂಡವು ನಾಲ್ಕು ದೋಣಿಗಳಲ್ಲಿ ಗ್ರೀನ್ ಎಂಬ ಉಪನದಿಯ ದಡದಿಂದ ಹೊರಟಿತು. ಮೂರು ದೋಣಿಗಳು ಗಟ್ಟಿಯಾದ ಓಕ್ ಮರದವು. ಒಂದೊಂದೂ 21 ಅಡಿ ಉದ್ದ. ಪ್ರತಿಯೊಂದರ ಮುಂತುದಿಯಲ್ಲಿಯೂ ಹಿಂತುದಿಯಲ್ಲಿಯೂ ಅಡ್ಡಹಲಗೆ ಹಾಕಿ, ಮೇಲೆ ಮುಚ್ಚಿ, ನೀರು ನುಗ್ಗದ ಕೋಣೆಗಳನ್ನು ನಿರ್ಮಿಸಿದ್ದರು. ಸಾಮಗ್ರಿಯನ್ನು ಕಾಪಾಡುವುದಲ್ಲದೆ, ದೋಣಿಯಲ್ಲಿ ನೀರು ತುಂಬಿದಾಗ ಅದು ಮುಳುಗದಂತೆ ತೇಲಿಸುವುದೂ ಈ ಕೋಣೆಗಳ ಕೆಲಸವಾಗಿತ್ತು. ನಾಲ್ಕನೆಯದಾದ ‘ಎಮ್ಮಾ ಡೀನ್’ 16 ಅಡಿ ಉದ್ದದ, ಪೈನ್ ಮರದ ಹಗುರವಾದ ದೋಣಿ.

ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದರೆ ದಡದಲ್ಲಿಯೇ ತಂಗಬೇಕಾದೀತೆಂದು ಎಣಿಸಿ, ಹತ್ತು ತಿಂಗಳಿಗೆ ಸಾಲುವಷ್ಟು ಆಹಾರವನ್ನು ಅವರು ತುಂಬಿಕೊಂಡರು. ಗೋಧಿಹಿಟ್ಟು, ಉಪ್ಪು ಹಾಕಿದ ಮಾಂಸ, ಒಣಗಿಸಿದ ಸೇಬು, ಸಕ್ಕರೆ, ಕಾಫಿ ಅದರಲ್ಲಿ ಮುಖ್ಯವಾದವು. ಬೆಚ್ಚನೆಯ ಬಟ್ಟೆಗಳು, ಬಂದೂಕು, ಮದ್ದುಗುಂಡು, ಕೊಡಲಿ, ಗರಗಸ, ಸುತ್ತಿಗೆ, ಬೈರಿಗೆ, ಮೊಳೆಗಳೂ ಇದ್ದವು. ಅಳತೆಯ ಕೆಲಸಕ್ಕೆಂದು ಸೆಕ್ಸ್‌ಟಂಟ್, ಕ್ರೊನೋಮೀಟರ್ ಎಂಬ ನಿಖರ ಗಡಿಯಾರ, ದಿಕ್ಸೂಚಿ, ಉಷ್ಣತಾಮಾಪಕ, ವಾಯುಭಾರಮಾಪಕಗಳನ್ನು ಒಯ್ದರು.

ಈ ಹೊರೆಯನ್ನು ಹಂಚಿದ ಬಗೆಯು ಗಮನಾರ್ಹವಾದುದು. ಹಿಟ್ಟನ್ನೆಲ್ಲ ಒಂದು ದೋಣಿಯಲ್ಲಿ, ಮಾಂಸವನ್ನೆಲ್ಲ ಇನ್ನೊಂದರಲ್ಲಿ, ಉಪಕರಣಗಳನ್ನೆಲ್ಲ ಮತ್ತೊಂದರಲ್ಲಿ ಇರಿಸಿದ್ದರೆ ಬೇಕಾದುದನ್ನು ಹುಡುಕುವುದು ಸುಲಭವಾಗುತ್ತಿತ್ತು. ಪೊವೆಲನು ಹಾಗೆ ಮಾಡಲಿಲ್ಲ. ಹಿಟ್ಟನ್ನು ಮೂರು ಸಮಪಾಲು ಮಾಡಿ ಮೂರು ದೊಡ್ಡ ದೋಣಿಗಳಲ್ಲಿ ಇರಿಸಿದನು. ಉಳಿದ ಆಹಾರವನ್ನೂ ಹಾಗೆಯೇ ಹಂಚಿದನು. ಪ್ರತಿ ದೊಡ್ಡ ದೋಣಿಗೂ ಒಂದು ಕೊಡಲಿ, ಒಂದು ಗರಗಸ, ಒಂದು ಸುತ್ತಿಗೆ. ಯಾವುದಾದರೂ ಒಂದು ದೋಣಿ ನೀರುಪಾಲಾದರೂ ತಂಡವು ಯಾವ ಅಗತ್ಯ ವಸ್ತುವಿಗೂ ಸಂಪೂರ್ಣವಾಗಿ ಎರವಾಗಬಾರದು ಎಂಬುದು ಆತನ ಎಣಿಕೆ. ಹಗುರವಾದ ‘ಎಮ್ಮಾ ಡೀನ್’ನಲ್ಲಿ ಕೆಲವು ಉಪಕರಣಗಳು, ಮೂರು ಬಂದೂಕು, ಮೂರು ಬಟ್ಟೆಗಂಟು ಮಾತ್ರ. ಅದರಲ್ಲಿ ಕುಳಿತು ಆತನು ಎಲ್ಲರಿಗಿಂತ ಮುಂದೆ ಸಾಗಿ, ಅಪಾಯ ಕಂಡಲ್ಲಿ ಹಿಂದಿನವರಿಗೆ ಸನ್ನೆ ಮಾಡುತ್ತಿದ್ದನು.

ಈ ಮುನ್ನೆಚ್ಚರಿಕೆ ವ್ಯರ್ಥವಾಗಲಿಲ್ಲ. ಜೂನ್ ತಿಂಗಳ ಎರಡನೆಯ ವಾರದಲ್ಲಿ, ಲೊಡೋರ್ ಎಂಬ ಕಮರಿಯಲ್ಲಿ, ‘ನೋ ನೇಮ್’ ಎಂಬ ದೊಡ್ಡ ದೋಣಿಯು ಸಕಾಲದಲ್ಲಿ ದಡ ಸೇರಲಾರದೆ ಸೆಳವಿಗೆ ಸಿಕ್ಕಿ ಬಂಡೆಗೆ ಬಡಿದು ಒಡೆಯಿತು. ಅದರಲ್ಲಿದ್ದ ಮೂವರು ನಡುನೀರಿನ ದ್ವೀಪವೊಂದನ್ನು ಹಿಡಿದು ಬದುಕಿಕೊಂಡರು. ಅವರ ಬಟ್ಟೆ, ಹಾಸಿಗೆ, ತಂಡದ ಆಹಾರದ ಸುಮಾರು ಮೂರನೆಯ ಒಂದು ಪಾಲು ಹೊಳೆಗೆ ಹೋಯಿತು. ಆದರೆ ಮೂರನೆಯ ಎರಡು ಪಾಲು ಉಳಿಯಿತು. ಕೊಡಲಿಯೂ ಗರಗಸವೂ ಉಳಿದವು. ಯಾನವು ಅಲ್ಲಿಗೇ ನಿಲ್ಲದೆ ಮುಂದುವರಿದುದು ಆ ಹಂಚಿಕೆಯ ಫಲ.

ಆದರೆ ಹಂಚಿಕೆಯಲ್ಲಿ ಒಂದು ತಪ್ಪು ನುಸುಳಿತ್ತು. ವಾಯುಭಾರಮಾಪಕಗಳೆಲ್ಲವನ್ನೂ ‘ನೋ ನೇಮ್’ ಒಂದರಲ್ಲಿಯೇ ಇರಿಸಲಾಗಿತ್ತು. ಎತ್ತರಕ್ಕೆ ಏರಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆ ಒತ್ತಡವನ್ನು ಅಳೆದೇ ನದಿಯ ಮಟ್ಟವನ್ನೂ ಬೆಟ್ಟಗಳ ಎತ್ತರವನ್ನೂ ಲೆಕ್ಕ ಹಾಕಬೇಕು. ಆ ಉಪಕರಣಗಳಿಲ್ಲದಿದ್ದರೆ ಯಾನದ ಉದ್ದೇಶವೇ ಕೈಗೂಡುತ್ತಿರಲಿಲ್ಲ. ಅದೃಷ್ಟವಶಾತ್ ಒಡೆದ ದೋಣಿಯ ಒಂದು ಭಾಗವು ಕೆಳಗಡೆ ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ಮರುದಿನ ಇಬ್ಬರು ಜೀವದ ಹಂಗು ತೊರೆದು ಅಲ್ಲಿಗೆ ಹೋಗಿ ಮಾಪಕಗಳನ್ನು ತಂದರು. ಹತ್ತು ವಸ್ತುಗಳಲ್ಲಿ ತೋರಿದ ಎಚ್ಚರವನ್ನು ಹನ್ನೊಂದನೆಯದರಲ್ಲಿ ತೋರದೆ ಹೋದರೂ ಸಾಕು, ಕೆಲಸ ಕೆಟ್ಟೀತು ಎಂಬುದಕ್ಕೆ ಇದೇ ನಿದರ್ಶನ.

ದೊಡ್ಡ ಅಪಘಾತವನ್ನು ಎದುರಿಸಿ ಗೆದ್ದ ತಂಡವನ್ನು ಮುಂದೆ ಸಣ್ಣ ಸಣ್ಣ ನಷ್ಟಗಳು ಕಾಡಿದವು. ಒಂದು ದಿನ ಬೀಡಿನಲ್ಲಿ ಬೆಂಕಿ ಹಬ್ಬಿತು. ಅಡುಗೆಯವನು ಪಾತ್ರೆಗಳನ್ನು ತೋಳತುಂಬ ಎತ್ತಿಕೊಂಡು ದೋಣಿಗೆ ಹಾರುವಾಗ ಎಡವಿದನು. ಪಾತ್ರೆಗಳು ನದಿಯ ಪಾಲಾದವು. ಅದಕ್ಕಿಂತ ಹೆಚ್ಚಿನ ಹಾನಿಯನ್ನು ತೇವವು ಮಾಡಿತು. ಹಿಟ್ಟು ಮತ್ತೆ ಮತ್ತೆ ನೆನೆದು, ಮತ್ತೆ ಮತ್ತೆ ಒಣಗಿ, ಗಂಟುಕಟ್ಟಿ ಮುಗ್ಗಲು ಹಿಡಿಯಿತು. ಸೊಳ್ಳೆಪರದೆಯನ್ನೇ ಜರಡಿ ಮಾಡಿ ಅದನ್ನು ಸೋಸಿದಾಗ 200 ಪೌಂಡುಗಳಿಗೂ ಹೆಚ್ಚು ಹಿಟ್ಟನ್ನು ಎಸೆಯಬೇಕಾಯಿತು. ಸಕ್ಕರೆ ಕರಗಿ ಹೊಳೆಯೊಡನೆ ಹರಿದುಹೋಯಿತು. ರೊಟ್ಟಿಯನ್ನು ಉಬ್ಬಿಸುವ ಸೋಡಾಪುಡಿಯನ್ನು ಬಂಡೆಯ ಮೇಲೆ ಒಣಗಲು ಹರಡಿದ್ದಾಗ ದೋಣಿಯೊಂದು ತಿರುಗಿ ಅದನ್ನೂ ನೀರಿಗೆ ಕೆಡವಿತು. ಅಂದಿನಿಂದ ಉಬ್ಬದ ರೊಟ್ಟಿಯೇ ಗತಿ. ಬೇಟೆಯಿಂದ ಆಹಾರ ದೊರೆತೀತೆಂದು ಒಯ್ದ ಮದ್ದುಗುಂಡಿಗೂ ಕಡಿದಾದ ಕಮರಿಗಳಲ್ಲಿ ಹೆಚ್ಚು ಕೆಲಸವಿರಲಿಲ್ಲ.

ಆಗಸ್ಟ್ 13ರಂದು ಮಹಾಕಮರಿಯ ಅಪರಿಚಿತ ಭಾಗವನ್ನು ಪ್ರವೇಶಿಸುವಾಗ, ಹತ್ತು ತಿಂಗಳ ಬುತ್ತಿಯಲ್ಲಿ ಉಳಿದದ್ದು ಒಂದು ತಿಂಗಳದು ಮಾತ್ರ. ಆಗಲೂ ಪೊವೆಲನು ಒಂದು ಸಮಾಧಾನವನ್ನು ಕಂಡುಕೊಂಡನು: ಹೊರೆ ಇಳಿದ ದೋಣಿಗಳು ಅಲೆಗಳ ಮೇಲೆ ಹಗುರವಾಗಿ ಏರುತ್ತವೆ; ದುರ್ಗಮವಾದ ಕಡೆ ದಡದ ಮೇಲೆ ಹೊತ್ತು ಸಾಗಿಸುವ ಶ್ರಮವೂ ತಗ್ಗುತ್ತದೆ. ಆದರೆ ಹಸಿವು ಮತ್ತು ಭಯಗಳು ಮನುಷ್ಯನ ಧೈರ್ಯವನ್ನು ಸವೆಸುತ್ತವೆ. ಆಗಸ್ಟ್ 28ರಂದು, ಭೀಕರವಾದ ಸೆಳವೊಂದರ ಮುಂದೆ, ಮೂವರು ಸಂಗಾತಿಗಳು ನದಿಯನ್ನು ಬಿಟ್ಟು ಬೆಟ್ಟವನ್ನೇರಿ ಹೋಗಲು ನಿಶ್ಚಯಿಸಿದರು. ಎರಡು ಕಡೆಯವರೂ ಕಣ್ಣೀರಿಡುತ್ತ ಬೀಳ್ಕೊಂಡರು. ಹೋದ ಮೂವರು ಜೀವಂತವಾಗಿ ಊರು ಸೇರಲಿಲ್ಲ, ದಾರಿಯಲ್ಲಿ ಕೊಲೆಗೀಡಾದರು. ಇನ್ನೊಬ್ಬನು ಜುಲೈ ತಿಂಗಳಲ್ಲಿಯೇ ತಂಡವನ್ನು ತೊರೆದಿದ್ದನು. ಉಳಿದ ಆರು ಮಂದಿ ಎರಡು ದೋಣಿಗಳಲ್ಲಿ ಆ ಸೆಳವನ್ನು ದಾಟಿ, ಎರಡೇ ದಿನಗಳಲ್ಲಿ, ಆಗಸ್ಟ್ 30ರಂದು, ವರ್ಜಿನ್ ನದಿಯ ಸಂಗಮವನ್ನು ತಲುಪಿದರು. ಅವರ ಬಳಿ ಆಗ ಹಿಟ್ಟು ಅಲ್ಪವಾಗಿಯೂ ಕಾಫಿ ಹೇರಳವಾಗಿಯೂ ಉಳಿದಿತ್ತು!

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಉಂಟು. ಪೊವೆಲನಿಗೆ ಆ ಬುದ್ಧಿಯನ್ನು ಬಳಸುವ ಅವಕಾಶ ಮತ್ತೊಮ್ಮೆ ದೊರೆಯಿತು. 1871ರಲ್ಲಿ ಎರಡನೆಯ ಯಾನಕ್ಕೆ ಹೊರಡುವಾಗ ಆತನು ಎಲ್ಲ ಆಹಾರವನ್ನೂ ಮೊದಲೇ ಹೇರಿಕೊಳ್ಳಲಿಲ್ಲ. ನದಿಯನ್ನು ಭೂಮಾರ್ಗದಿಂದ ತಲುಪಬಹುದಾದ ಕೆಲವು ಸ್ಥಳಗಳನ್ನು ಗುರುತಿಸಿ, ಅಲ್ಲಲ್ಲಿಗೆ ಸಾಮಗ್ರಿ ಬಂದು ಸೇರುವಂತೆ ಏರ್ಪಡಿಸಿದನು. ಹಿಟ್ಟಿನ ಬಟ್ಟೆಚೀಲಗಳನ್ನು ರಬ್ಬರ್ ಚೀಲಗಳೊಳಗೆ ಇರಿಸಲಾಯಿತು. ದೋಣಿಗಳ ನಡುಭಾಗದಲ್ಲಿಯೂ ಮುಚ್ಚಿದ ಕೋಣೆಯೊಂದು ಸೇರಿತು. ಈ ಏರ್ಪಾಡೂ ಸಂಪೂರ್ಣವಾಗಿ ಸಫಲವಾಗಲಿಲ್ಲ; ಒಂದು ಸ್ಥಳಕ್ಕೆ ಆಹಾರ ತರಬೇಕಾದವರು ದಾರಿ ಕಾಣದೆ ಹೋದುದರಿಂದ ತಂಡವು ಅರೆಹೊಟ್ಟೆಯಲ್ಲಿ ಮುಂದಿನ ಸ್ಥಳದವರೆಗೆ ಸಾಗಬೇಕಾಯಿತು. ಆದರೆ ಅಲ್ಲಿ ಆಹಾರ ಕಾದಿತ್ತು. ಯಾರ ಪ್ರಾಣಕ್ಕೂ ಹಾನಿಯಾಗಲಿಲ್ಲ.

ಇಂದು ಅದೇ ಮಹಾಕಮರಿಯಲ್ಲಿ ಪ್ರತಿವರ್ಷವೂ ಸಾವಿರಾರು ಜನರು ಅನುಮತಿ ಪಡೆದು ನದಿಯಾನ ಮಾಡುತ್ತಾರೆ. ಬಟ್ಟೆಗಳನ್ನೂ ಹಾಸಿಗೆಯನ್ನೂ ನೀರು ಸೇರದ ಚೀಲಗಳಲ್ಲಿ ಸುತ್ತಿ, ಬಾಯನ್ನು ಬಿಗಿದು, ದೋಣಿಗೆ ಕಟ್ಟಿಹಾಕುತ್ತಾರೆ. ಪ್ರತಿಯೊಬ್ಬರೂ ಜೀವರಕ್ಷಕ ಅಂಗಿಯನ್ನು ತೊಡಬೇಕು. ಹೆಚ್ಚಿನ ಹುಟ್ಟುಗಳು, ದೋಣಿಯ ದುರಸ್ತಿಗೆ ಬೇಕಾದ ಸಾಧನಗಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಯಲ್ಲಿರಬೇಕು. ಒಲೆಯ ಬೂದಿಯನ್ನೂ ಎಲ್ಲ ಕಸವನ್ನೂ ನದಿತೀರದಲ್ಲಿ ಬಿಡದೆ ಹೊತ್ತು ತರಬೇಕು. ಹೊರಡುವಾಗ ಒಯ್ಯುವುದನ್ನು ಮಾತ್ರವಲ್ಲ, ಮರಳುವಾಗ ತರುವುದನ್ನೂ ಬುತ್ತಿ ಕಟ್ಟುವಾಗಲೇ ಯೋಚಿಸಬೇಕಾದ ಕಾಲವಿದು.

ಸಾಧನಗಳು ಬದಲಾಗಿವೆ, ತತ್ತ್ವಗಳು ಬದಲಾಗಿಲ್ಲ. ಅಗತ್ಯವಾದುದನ್ನು ಒಂದೇ ಕಡೆ ಇರಿಸದಿರುವುದು, ನೀರು ತಾಗಬಾರದ್ದನ್ನು ತಾಗದಂತೆ ಕಾಪಾಡುವುದು, ಕಳೆದುಹೋಗುವ ಪಾಲನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು: ಇವೇ ಆ ತತ್ತ್ವಗಳು. ನದಿಯು ಯಾವುದನ್ನು ಕಸಿದುಕೊಳ್ಳುತ್ತದೆಂದು ಯಾರೂ ಮುಂದಾಗಿ ಹೇಳಲಾರರು. ಕಸಿದುಕೊಂಡ ಮೇಲೆ ಏನು ಉಳಿಯಬೇಕೆಂಬುದನ್ನು ಮಾತ್ರ ಬುತ್ತಿ ಕಟ್ಟುವವನು ದಡದ ಮೇಲೆಯೇ ನಿರ್ಧರಿಸಬಲ್ಲನು.