ಕಲಿತದ್ದನ್ನು ಟೇಬಲ್ಲಿನಾಚೆಗೂ ಮುಟ್ಟಿಸು

ನೋಡಮ್ಮ, ಕ್ಯೂ ಹಿಡಿಯುವುದನ್ನು ನೀನು ಚೆನ್ನಾಗಿ ಕಲಿತಿದ್ದೀಯ. ಈಗ ನಿನ್ನ ಫೋನಿನ ವಿಷಯಕ್ಕೆ ಒಂದು ಮಾತು. ಸ್ನೂಕರ್, ಪೂಲ್ ಕಲಿಸುವ ವಿಡಿಯೊಗಳು ಬೇಕಾದಷ್ಟಿವೆ. ಬಿಳಿ, ಹಳದಿ, ಕೆಂಪು ಮೂರೇ ಚೆಂಡಿನ ಬಿಲಿಯರ್ಡ್ಸನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಅಪರೂಪ. ಆ ಕೆಲಸಕ್ಕೆ ನೀನು ಕೈಹಾಕಬೇಕು ಅನ್ನುವುದು ನನ್ನ ಆಸೆ.

ಇದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ಆಟ. ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರಿಗೆ ಹದಿನೆಂಟು ವರ್ಷ. ಅವರು ಪಳಗಿದ್ದು ಬೆಂಗಳೂರಿನಲ್ಲಿ, ಅರವಿಂದ ಸವೂರ್ ಅವರ ಗರಡಿಯಲ್ಲಿ. ಇದೇ ಊರಿನ ಆರ್. ಉಮಾದೇವಿ ಸರ್ಕಾರಿ ನೌಕರಿಯಲ್ಲಿದ್ದಾಗ, ಎಳೆಯ ವಯಸ್ಸು ದಾಟಿದ ಮೇಲೆ ಕ್ಯೂ ಹಿಡಿದು, 2012ರಲ್ಲಿ ಬಿಲಿಯರ್ಡ್ಸಿನ ವಿಶ್ವ ಮಹಿಳಾ ಚಾಂಪಿಯನ್ ಆದರು. ತಡವಾಯಿತು ಎಂದು ಕೊರಗುವ ಹೆಣ್ಣುಮಕ್ಕಳಿಗೆ ಇದನ್ನು ಮೊದಲು ಹೇಳು. ಆದರೆ ಹತ್ತಿರದಲ್ಲಿ ಟೇಬಲ್ಲೂ ಕಲಿಸುವವರೂ ಇದ್ದವರಿಗೆ ದಾರಿ ಸಿಕ್ಕಿತು. ಟೇಬಲ್ ಇದ್ದೂ ಗುರುವಿಲ್ಲದ ಊರುಗಳ ಮಕ್ಕಳು ಏನು ಮಾಡಬೇಕು? ಫೋನು ಬೇಕಾಗಿರುವುದು ಅವರಿಗಾಗಿ.

ಏನು ತೋರಿಸಲಿ ಎಂದು ಕೇಳುತ್ತೀಯ. ಒಂದೇ ಸರದಿಯಲ್ಲಿ ಅಂಕ ಪೇರಿಸುವ ದೊಡ್ಡ ಬ್ರೇಕ್ ಬೇಡ, ಅದನ್ನು ನೋಡಿ ಚಪ್ಪಾಳೆ ತಟ್ಟಬಹುದು, ಕಲಿಯಲಾಗದು. ಹಾಫ್‌ ಬಾಲ್‌ನಿಂದ ಶುರುಮಾಡು. ಕೆಂಪು ಚೆಂಡನ್ನು ಟೇಬಲ್ಲಿನ ನಟ್ಟನಡುವಿನ ಸ್ಪಾಟ್ ಮೇಲಿಡು, ನಿನ್ನ ಚೆಂಡನ್ನು ‘ಡಿ’ಯಲ್ಲಿಟ್ಟುಕೋ. ಕೆಂಪಿನ ಅಂಚಿಗೇ ಗುರಿಯಿಟ್ಟು ಮೆಲ್ಲಗೆ ಹೊಡೆ, ನಿನ್ನ ಚೆಂಡು ತಿರುಗಿ ಮೇಲಿನ ಮೂಲೆಯ ಪಾಕೆಟ್ಟಿಗೆ ಹೋಗಬೇಕು. ಈ ಇನ್‌-ಆಫ್‌ಗೆ ಮೂರು ಅಂಕ. ಹೊಸಬರಿಗೆ ಇದೇ ಏಕೆ ಮೊದಲು ಎಂಬುದನ್ನೂ ಹೇಳು: ಉರುಳುತ್ತಾ ಹೋಗುವ ಚೆಂಡು ಹೆಚ್ಚು ತಿರುಗುವುದು ಸುಮಾರಾಗಿ ಅರ್ಧ ಚೆಂಡಿನ ಹೊಡೆತದಲ್ಲಿ. ಆ ಹತ್ತಿರದಲ್ಲಿ ಗುರಿ ಒಂದು ಎಳೆಯಷ್ಟು ಆಚೀಚೆ ಆದರೂ ಚೆಂಡಿನ ದಾರಿ ಹೆಚ್ಚು ಬದಲಾಗುವುದಿಲ್ಲ. ತೆಳುವಾಗಿ ತಾಗಿಸಿದಾಗಲೋ ದಪ್ಪ ಹೊಡೆದಾಗಲೋ ಅಷ್ಟೇ ತಪ್ಪು ಚೆಂಡನ್ನು ಎಲ್ಲಿಗೋ ಒಯ್ಯುತ್ತದೆ. ಕಾರಣ ತಿಳಿದ ಹುಡುಗ ಬೇಸರವಿಲ್ಲದೆ ಅಭ್ಯಾಸ ಮಾಡುತ್ತಾನೆ.

ಫೋನನ್ನು ನಿನ್ನ ಬೆನ್ನ ಹಿಂದೆ, ಗುರಿಯ ಗೆರೆಯಲ್ಲೇ ನಿಲ್ಲಿಸು. ಪಕ್ಕದಿಂದ ಹಿಡಿದರೆ ಕೈಯ ಸೊಗಸು ಕಾಣುತ್ತದೆ, ಗುರಿ ಕಾಣುವುದಿಲ್ಲ. ಚೆಂಡು ಪಾಕೆಟ್ಟಿಗೆ ಬಿದ್ದ ಕೂಡಲೇ ನಿಲ್ಲಿಸಬೇಡ. ಕೆಂಪು ಚೆಂಡು ಕುಶನ್‌ಗೆ ಬಡಿದು ಮರಳಿ ಎಲ್ಲಿ ನಿಂತಿತೆಂದು ತೋರಿಸು. ಬಿಲಿಯರ್ಡ್ಸಿನ ಅರ್ಧ ವಿದ್ಯೆ ಅಲ್ಲೇ ಇದೆ. ತಪ್ಪಿದ ಹೊಡೆತವನ್ನೂ ಕತ್ತರಿಸಿ ಎಸೆಯಬೇಡ, ಏಕೆ ತಪ್ಪಿತೆಂದು ಹೇಳಿದರೆ ಅದೇ ಪಾಠ.

ಇನ್ನೊಂದು ಮಾತು, ನನಗೆ ಬಹಳ ಮುಖ್ಯವಾದದ್ದು. ನಮ್ಮ ಹಳೆಯ ಕ್ಲಬ್ಬುಗಳ ಮಾರ್ಕರ್‌ಗಳನ್ನು ಮರೆಯಬೇಡ. ಅಂಕ ಬರೆಯುತ್ತಾ, ಟಿಪ್ ಅಂಟಿಸುತ್ತಾ, ಟೇಬಲ್ಲಿಗೆ ಬ್ರಷ್ ಹೊಡೆಯುತ್ತಾ ಜೀವಮಾನ ಕಳೆದವರು ಅವರು. ಬಟ್ಟೆಯ ನ್ಯಾಪ್, ಅಂದರೆ ಎಳೆಗಳ ಒಲವು, ‘ಡಿ’ ಇರುವ ಬಾಲ್ಕ್ ಕಡೆಯಿಂದ ಮೇಲಕ್ಕೆ ಓಡುತ್ತದೆ, ಬ್ರಷ್ಷೂ ಇಸ್ತ್ರಿಯೂ ಅದೇ ದಿಕ್ಕಿಗೆ ಹೋಗಬೇಕು; ನ್ಯಾಪ್‌ಗೆ ಎದುರಾಗಿ ಮೆಲ್ಲಗೆ ಬರುವ ಚೆಂಡು ಹೇಗೆ ದಾರಿ ಬದಲಿಸುತ್ತದೆ ಎಂಬುದು ಅವರಿಗೆ ಕಣ್ಣಲ್ಲೇ ಗೊತ್ತು. ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ. ಅವರನ್ನು ಟೇಬಲ್ಲಿನ ಪಕ್ಕ ನಿಲ್ಲಿಸಿ, ಅವರ ಮಾತಿನಲ್ಲೇ ಹೇಳಿಸಿ ರೆಕಾರ್ಡ್ ಮಾಡು. ಒಪ್ಪಿಗೆ ಕೇಳು, ಅವರ ಹೆಸರು ಹಾಕು. ಅವರ ವಿದ್ಯೆಯನ್ನು ನಿನ್ನದೆಂಬಂತೆ ಹಂಚುವುದು ಸಲ್ಲದು.

ವಾಟ್ಸಾಪ್ ಗ್ರೂಪ್ ಕಟ್ಟು, ಆದರೆ ಅದು ಜನರನ್ನು ಟೇಬಲ್ಲಿಗೆ ಕರೆತರಬೇಕು. ಯಾವ ಕ್ಲಬ್ಬಿನಲ್ಲಿ ಯಾವ ಹೊತ್ತು ಟೇಬಲ್ ಖಾಲಿ, ಯಾರಿಗೆ ಜೊತೆಗಾರರು ಬೇಕು, ಯಾರ ಹತ್ತಿರ ಹೆಚ್ಚಿನ ಕ್ಯೂ ಇದೆ, ಇಂಥವು ಅಲ್ಲಿ ಬರಲಿ. ಹೊಸಬರ ಪೆದ್ದು ಪ್ರಶ್ನೆಗೆ ಯಾರಾದರೂ ನಕ್ಕರೆ ನೀನೇ ಮುಂದಾಗಿ ಉತ್ತರ ಕೊಡು. ಬಾಜಿ ಕಟ್ಟುವ ಮಾತು ಬಂದರೆ ಅಂದೇ ತಡೆ. ಹೆತ್ತವರು ಮಕ್ಕಳನ್ನು ಈ ಆಟದಿಂದ ದೂರವಿಡುವುದು ಅದೇ ಭಯದಿಂದ. ಮಕ್ಕಳ ಮುಖವಿರುವ ವಿಡಿಯೊವನ್ನು ಮನೆಯವರನ್ನು ಕೇಳದೆ ಹಾಕಬೇಡ.

ಒಳ್ಳೆಯ ಕ್ಯಾಮೆರಾ ಬರಲಿ, ಎಡಿಟಿಂಗ್ ಕಲಿಯುತ್ತೇನೆ ಎಂದು ಮುಂದೂಡಬೇಡಮ್ಮ. ಬರುವ ಭಾನುವಾರ ಕ್ಲಬ್ಬಿಗೆ ಹೋದಾಗ ನಿಮ್ಮ ಮಾರ್ಕರ್ ಹತ್ತಿರ ಅರ್ಧ ಗಂಟೆ ಕೇಳು, ಮೊದಲ ಪಾಠ ಅವರಿಂದಲೇ ಹೇಳಿಸು.