ಅಳೆಯುವ ಉಪಕರಣಗಳು: ಮಳೆ, ಸೆಕೆ, ನೆಲದ ತೇವ



ಅಡಿಕೆಯ ಮಹಾಳಿ ರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸಿದ ಮೇಲೆ, ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ನೋಡುವ ಪದ್ಧತಿ ತಮಗೆ ತಿಳಿದದ್ದೇ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕತ್ತಿ ಅದನ್ನು ಕಾಣುವಂತೆ ಮಾಡುತ್ತದೆ. ಈಗ ಸಂವೇದಕ ಅಥವಾ ಸೆನ್ಸರ್ ಎಂದು ಕರೆಯುವ ಉಪಕರಣಗಳ ಕೆಲಸವೂ ಇಷ್ಟೇ. ನೇರವಾಗಿ ಅಳೆಯಲಾಗದ ಒಂದನ್ನು, ಅಳೆಯಲು ಸುಲಭವಾದ ಇನ್ನೊಂದಾಗಿ ಮಾರ್ಪಡಿಸುವುದು. ಇದನ್ನು ಅರಿತವನು ಯಂತ್ರ ಯಾವಾಗ ಸರಿ ಹೇಳುತ್ತದೆ, ಯಾವಾಗ ತಪ್ಪು ಹೇಳುತ್ತದೆ ಎಂಬುದನ್ನೂ ಅರಿಯಬಲ್ಲನು.

ಮಳೆಮಾಪಕ

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. 1 ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು; ಒಂದು ಎಕರೆಗೆ ಸುಮಾರು 4,000 ಲೀಟರ್. ಒಂದು ದಿನದಲ್ಲಿ 64.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ.

ತಾನಾಗಿ ಲೆಕ್ಕ ಇಡುವ ಮಳೆಮಾಪಕಗಳಲ್ಲಿ ಹೆಚ್ಚಿನವುಗಳ ಒಳಗೆ, ಮಕ್ಕಳ ಏತದಾಟದ ಹಲಗೆಯಂತೆ ಎರಡು ಪುಟ್ಟ ತೊಟ್ಟಿಗಳಿರುತ್ತವೆ. ಆಲಿಕೆಯಿಂದ ಇಳಿದ ನೀರು ಒಂದು ತೊಟ್ಟಿ ತುಂಬಿದೊಡನೆ ಅದು ಮಗುಚಿ ನೀರು ಚೆಲ್ಲುತ್ತದೆ; ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ಮಗುಚುವಾಗ ಒಂದು ಅಯಸ್ಕಾಂತವು ಸ್ವಿಚ್ಚಿನ ಮುಂದೆ ಹಾದು ವಿದ್ಯುತ್ತಿನ ಒಂದು ಮಿಡಿತ ಕೊಡುತ್ತದೆ. ಒಂದು ಮಗುಚಿಗೆ 0.2 ಮಿ.ಮೀ. ಆದರೆ 125 ಮಗುಚಿಗೆ 25 ಮಿ.ಮೀ. ಯಂತ್ರಕ್ಕೆ ಮಳೆ ಗೊತ್ತಿಲ್ಲ, ಮಗುಚಿದ ಲೆಕ್ಕ ಮಾತ್ರ ಗೊತ್ತು. ಜಡಿಮಳೆಯಲ್ಲಿ ಮಗುಚುವ ಹೊತ್ತಿಗೆ ಬಿದ್ದ ನೀರಿನಲ್ಲಿ ಸ್ವಲ್ಪ ಲೆಕ್ಕ ತಪ್ಪಿಹೋಗುವುದರಿಂದ ನಿಜಕ್ಕಿಂತ ಕಡಿಮೆ ತೋರಿಸುವುದೂ ಉಂಟು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ, ಬಿಸಿಲಿನ ವಿದ್ಯುತ್ತಿನಿಂದ ನಡೆಯುವ ಮಳೆಮಾಪಕಗಳನ್ನು ಇರಿಸಿದೆ. ಅದರಿಂದ ಊರಿನ ಮಳೆ ತಿಳಿಯುತ್ತದೆ. ಆದರೆ ಶಿರಾಡಿ ಘಾಟಿಯ ಬುಡದ ನಮ್ಮ ನೆಲ್ಯಾಡಿ ಸೀಮೆಯಲ್ಲಿ ಒಂದು ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿಯಬೇಕೆಂದಿಲ್ಲ. ಪಂಚಾಯತಿಯ ಲೆಕ್ಕ ನಿಮ್ಮ ತೋಟದ ಲೆಕ್ಕವಲ್ಲ.

ಕಳೆದ ಮಳೆಗಾಲದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಒಂದು ತೋಟದ ಮಳೆಮಾಪಕ ಎರಡು ದಿನ ಸೊನ್ನೆ ತೋರಿಸಿದ್ದನ್ನು ಮೊಬೈಲಿನಲ್ಲಿ ನೋಡಿ, ಗೊನೆ ಒಣಗಿರಬೇಕು, ನಾಳೆ ಮದ್ದು ಬಿಡಬಹುದು ಎಂದು ಆ ಕೃಷಿಕರಿಗೆ ಹೇಳಿದೆ. ಬೆಳಿಗ್ಗೆ ಹೋಗಿ ನೋಡಿದರೆ ಸೋಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂಡಿಸಿಟ್ಟ ದ್ರಾವಣ ಹಾಳಾಯಿತು. ಮರ ಹತ್ತುವವರ ಒಂದು ದಿನದ ಕೂಲಿಯೂ ಹೋಯಿತು. ಆಲಿಕೆಯ ತೂತಿಗೆ ಕೊಳೆತ ಎಲೆಯೊಂದು ಅಡ್ಡ ಕೂತಿತ್ತು. ಸೊನ್ನೆ ಎಂದರೆ ಮಳೆ ಇಲ್ಲ ಎಂದೂ ಆಗಬಹುದು, ಯಂತ್ರ ಕಟ್ಟಿಹೋಗಿದೆ ಎಂದೂ ಆಗಬಹುದು.

ಉಷ್ಣಮಾಪಕ

ಹಳೆಯ ಉಷ್ಣಮಾಪಕದಲ್ಲಿ ಸೆಕೆ ಏರಿದಂತೆ ಪಾದರಸ ಹಿಗ್ಗಿ ನಳಿಗೆಯಲ್ಲಿ ಮೇಲೇರುತ್ತದೆ. ಹೊಸದರಲ್ಲಿ ಹಿಗ್ಗುವ ವಸ್ತುವಿಲ್ಲ. ವಿದ್ಯುತ್ತಿಗೆ ಒಡ್ಡುವ ತಡೆಯೇ ಬದಲಾಗುತ್ತದೆ. ಪ್ಲಾಟಿನಂ ತಂತಿಯೊಂದರ ತಡೆ 0 ಡಿಗ್ರಿಯಲ್ಲಿ 100 ಓಮ್ ಇದ್ದರೆ 100 ಡಿಗ್ರಿಯಲ್ಲಿ 138.5 ಓಮ್ ಆಗುತ್ತದೆ. ಈ ಏರಿಕೆಯನ್ನು ಅಳೆದು ಯಂತ್ರ ಡಿಗ್ರಿಯಾಗಿ ಓದುತ್ತದೆ. ಬಿಸಿಲಿಗೆ ತೂಗಿದರೆ ಅದು ಗಾಳಿಯ ಸೆಕೆಯನ್ನಲ್ಲ, ತನ್ನ ಮೈಯ ಸೆಕೆಯನ್ನು ಹೇಳುತ್ತದೆ. ಆದುದರಿಂದ ಗಾಳಿಯಾಡುವ ನೆರಳಿನಲ್ಲಿಯೇ ಇಡಬೇಕು.

ನೆಲದ ತೇವಮಾಪಕ

ಇದರಲ್ಲಿ ಎರಡು ಬಗೆ. ಮೊದಲನೆಯದು ನೀರು ತುಂಬಿದ ನಳಿಗೆ; ತುದಿಯಲ್ಲಿ ಸೂಕ್ಷ್ಮ ರಂಧ್ರಗಳ ಮಣ್ಣಿನ ಕುಡಿಕೆ ಇರುತ್ತದೆ. ನೆಲ ಒಣಗಿದಂತೆ ಅದು ಕುಡಿಕೆಯ ನೀರನ್ನು ಹೀರುತ್ತದೆ, ಮೇಲಿನ ಮುಳ್ಳು ಆ ಸೆಳೆತವನ್ನು ತೋರಿಸುತ್ತದೆ. ಬೇರು ನೀರಿಗಾಗಿ ಎಷ್ಟು ಕಷ್ಟಪಡಬೇಕೆಂಬುದನ್ನೇ ಇದು ಹೇಳುತ್ತದೆ. ಎರಡನೆಯದು ವಿದ್ಯುತ್ತಿನದು. ನೀರಿನ ವಿದ್ಯುತ್ ಗುಣ ಒಣ ಮಣ್ಣಿನದಕ್ಕಿಂತ ಹತ್ತಾರು ಪಾಲು ಹೆಚ್ಚಾದುದರಿಂದ, ಆ ಗುಣವನ್ನು ಅಳೆದು ತೇವವನ್ನು ಊಹಿಸುತ್ತದೆ. ಯಾವುದೇ ಆದರೂ ಮಣ್ಣು ಬಿಗಿಯಾಗಿ ತಾಗಿರಬೇಕು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕಲ್ಲುಹರಳಿನ ನಡುವೆ ಗಾಳಿಯ ಸಂದು ಉಳಿದರೆ, ತೇವವಿದ್ದರೂ ವಿದ್ಯುತ್ತಿನ ಮಾಪಕ ಒಣ ಎನ್ನುತ್ತದೆ. ಅದನ್ನು ನಂಬಿ ಬೇಸಗೆಯಲ್ಲಿ ಪಂಪು ಹಾಕಿದರೆ ಬಾವಿಯ ನೀರು ವ್ಯರ್ಥ. ಕಲ್ಲು ತೆಗೆದು, ಅದೇ ಗುಂಡಿಯ ಮಣ್ಣನ್ನು ಜರಡಿ ಹಿಡಿದು, ಕಲಸಿ ಸುತ್ತಲೂ ತುಂಬಬೇಕು. ಮೊದಲ ಕೆಲವು ದಿನ ಕೈಯಿಂದ ಮಣ್ಣು ಹಿಡಿದು ನೋಡಿ ಲೆಕ್ಕವನ್ನು ತಾಳೆ ಹಾಕಬೇಕು.

ಈ ವಾರ ಮಾಡಿ ನೋಡಿ

1. ಬಾಯಿಂದ ತಳದವರೆಗೆ ಒಂದೇ ಅಗಲವಿರುವ, ತಳ ಮಟ್ಟಸವಾದ ಡಬ್ಬವೊಂದನ್ನು ಮರದ ಮರೆಯಿಲ್ಲದ ಜಾಗದಲ್ಲಿ ಮಟ್ಟವಾಗಿ ನಿಲ್ಲಿಸಿ. ದಿನವೂ ಬೆಳಿಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಮಕ್ಕಳ ಅಳತೆಕಡ್ಡಿಯಿಂದ ಅಳೆದು ಬರೆದಿಟ್ಟು, ನೀರು ಚೆಲ್ಲಿ. ಎತ್ತರ ಎಷ್ಟು ಮಿ.ಮೀ.ಯೋ ಮಳೆಯೂ ಅಷ್ಟೇ.

2. ತಾವು ಯಂತ್ರ ಇಟ್ಟಿದ್ದರೆ ಅದನ್ನು ಪರೀಕ್ಷಿಸಿ. ಆಲಿಕೆಯ ಬಾಯಿ 200 ಚದರ ಸೆಂ.ಮೀ. ಇದ್ದರೆ 200 ಮಿಲಿಲೀಟರ್ ನೀರನ್ನು ನಿಧಾನವಾಗಿ ಹನಿಸಿ, 10 ಮಿ.ಮೀ. ತೋರಿಸಬೇಕು. ಬಹಳ ವ್ಯತ್ಯಾಸವಿದ್ದರೆ ಆಲಿಕೆ ಶುಚಿ ಮಾಡಿ, ಮಟ್ಟ ನೋಡಿ.

3. ಮಳೆಗಾಲದ ಮೊದಲ ಮದ್ದಿನ ದಿನಾಂಕವನ್ನು ಅದೇ ಪುಸ್ತಕದಲ್ಲಿ ಬರೆದಿಡಿ. ಎರಡನೆಯದಕ್ಕೆ 40–45 ದಿನ ಎಣಿಸುವಾಗ ನಡುವೆ ಬಿದ್ದ ಮಳೆಯ ಲೆಕ್ಕವೂ ಕಣ್ಣೆದುರಿಗಿರುತ್ತದೆ.

ಯಂತ್ರ ಬಂದಿತೆಂದು ಕಣ್ಣು ಮುಚ್ಚಬೇಡಿ. ಕಣ್ಣಿದೆಯೆಂದು ಯಂತ್ರವನ್ನು ದೂರ ತಳ್ಳಲೂ ಬೇಡಿ. ಈಗ ಆ ತೋಟದ ಮಳೆಮಾಪಕದ ಪಕ್ಕದಲ್ಲಿಯೇ ಒಂದು ಡಬ್ಬವಿದೆ. ಎರಡೂ ಒಂದೇ ಮಾತು ಹೇಳಿದ ದಿನ ಮಾತ್ರ ನಾನು ಬಾಯಿ ತೆರೆಯುತ್ತೇನೆ.